ಗುಡ್ಡದ ಊರು, ದವಾಖಾನಿಯ ದಾರಿ

ಯಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರು ತಾಯಿಯ ಮುಂದೆ ಉಡಿಯೊಡ್ಡಿ ಏನು ಬೇಡುತ್ತಾರೆ ಎಂಬುದನ್ನು ನಮ್ಮೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಮಕ್ಕಳಾಗದವರು ತೊಟ್ಟಿಲು ಬೇಡುತ್ತಾರೆ. ಮೈಮೇಲೆ ತೊನ್ನು, ಕಜ್ಜಿ, ಹುಣ್ಣು ಎದ್ದವರು ಜೋಗುಳಬಾವಿಯಲ್ಲಿ, ಎಣ್ಣೆಹೊಂಡದಲ್ಲಿ ಮಿಂದು ಮೈ ತಿಳಿಯಾಗಲಿ ಎಂದು ಬೇಡುತ್ತಾರೆ. ಜ್ವರ ಬಂದು ಮಲಗಿದ ಕೂಸಿನ ಹೆಸರಿನಲ್ಲಿ ಹರಕೆ ಹೊತ್ತವರು, ಕೂಸು ಎದ್ದು ಕೂತ ಮೇಲೆ ಅದನ್ನು ಎತ್ತಿಕೊಂಡು ಬಂದು ಹಣೆಗೆ ಭಂಡಾರ ಹಚ್ಚಿಸುತ್ತಾರೆ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಕರ್ನಾಟಕ, ಮಹಾರಾಷ್ಟ್ರ, ಗೋವಾ, ತೆಲಂಗಾಣ, ಆಂಧ್ರದಿಂದ ಲಕ್ಷಗಟ್ಟಲೆ ಜನ ಗುಡ್ಡ ಏರುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಬೇಡುವುದು ಒಂದನ್ನೇ, ಆರೋಗ್ಯ.

ನಾಡೆಲ್ಲ ಹೀಗೆ ಆರೋಗ್ಯ ಬೇಡಿ ನಮ್ಮ ಕಡೆ ಬರುತ್ತಿದ್ದಾಗ, ಗುಡ್ಡದ ಮಗ್ಗುಲಲ್ಲೇ ಇರುವ ಉಗರಗೋಳದವರು ಬೇನೆ ಬಿದ್ದರೆ ಎಲ್ಲಿಗೆ ಹೋಗುತ್ತಿದ್ದರು? ಸವದತ್ತಿಗೆ, ಧಾರವಾಡಕ್ಕೆ, ಗದಗ-ಬೆಟಗೇರಿಗೆ. ಕೈಯಲ್ಲಿ ನಾಲ್ಕು ಕಾಸಿದ್ದವರು ಮಿರಜಕ್ಕೆ. ಇಲ್ಲದವರು ಎಲ್ಲಿಗೂ ಹೋಗುತ್ತಿರಲಿಲ್ಲ.

ಸುವರ್ಣ ಮಹೋತ್ಸವದ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡು ಎಂದು ಗುರುಗಳು ಕೇಳಿದಾಗ ಮೊದಲು ನೆನಪಾದದ್ದು ಕೋಟೆ, ಗುಡಿ, ಶಾಸನ. ಆದರೆ ಆ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದ ಹಿರಿಯರು ಊರಿನಲ್ಲಿದ್ದಾರೆ. ನಾನು ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಬಿ.ಇ. ಓದಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವವನು. ಬೇನೆ ಬಂದಾಗ ಊರು ಏನು ಮಾಡುತ್ತಿತ್ತು ಎಂಬ ಕಥೆಯನ್ನು ಯಾರೂ ಕಲ್ಲಿನ ಮೇಲೆ ಕೆತ್ತಿಸಿಲ್ಲ. ಮನೆಯ ಹಿರಿಯರಿಂದ ಕೇಳಿದ್ದು, ಪುಸ್ತಕಗಳಲ್ಲಿ ಓದಿದ್ದು ಎರಡನ್ನೂ ಕೂಡಿಸಿ ಇಲ್ಲಿ ಬರೆದಿದ್ದೇನೆ.

ಹಿಂದೆ ಎಲ್ಲರಿಗೂ ಗೊತ್ತಿದ್ದ, ಎಲ್ಲರೂ ಅಂಜುತ್ತಿದ್ದ ಬೇನೆ ಎಂದರೆ ಸಿಡುಬು. ನಮ್ಮ ಕಡೆ ಮೈಲಿ ಬೇನೆ ಎನ್ನುತ್ತಿದ್ದರು. ಮನೆಯಲ್ಲಿ ಯಾರಿಗಾದರೂ ಅದು ಎದ್ದರೆ ‘ತಾಯಿ ಬಂದಾಳ’ ಎನ್ನಬೇಕೇ ಹೊರತು ಬೇನೆ ಎನ್ನುವಂತಿರಲಿಲ್ಲ. ಬಾಗಿಲಿಗೆ ಬೇವಿನ ತಪ್ಪಲು ಕಟ್ಟುತ್ತಿದ್ದರು. ಮನೆಯಲ್ಲಿ ಒಗ್ಗರಣೆಯ ವಾಸನೆ ಏಳಬಾರದು, ಹೊರಗಿನವರು ಒಳಗೆ ಬರಬಾರದು, ಮನೆಯವರು ಮದುವೆ-ಮುಂಜಿಗೆ ಹೋಗಬಾರದು. ಇದನ್ನೆಲ್ಲ ಮೂಢನಂಬಿಕೆ ಎಂದು ನಕ್ಕು ಬಿಡುವುದು ಸುಲಭ. ಆದರೆ ಬೇನೆ ಎದ್ದ ಮನೆಗೆ ಜನ ಹೋಗದಂತೆ ತಡೆಯುವುದೇ ಅಂಥ ರೋಗಕ್ಕೆ ಮೊದಲ ಕಟ್ಟು ಎಂದು ಇವತ್ತಿನ ವೈದ್ಯರೂ ಹೇಳುತ್ತಾರೆ. 2020ರಲ್ಲಿ ಕೊರೊನಾ ಬಂದಾಗ ನಾವು ಮಾಡಿದ್ದೂ ಅದನ್ನೇ, ಬೇವಿನ ತಪ್ಪಲಿನ ಜಾಗದಲ್ಲಿ ಚೀಟಿ ಅಂಟಿಸಿದ್ದೆವು ಅಷ್ಟೆ. ನಮ್ಮ ಹಿರಿಯರಿಗೆ ಔಷಧ ಗೊತ್ತಿರಲಿಲ್ಲ, ಅಂಟುವ ರೀತಿ ಗೊತ್ತಿತ್ತು.

ಪೇಶ್ವೆಗಳ ಆಳ್ವಿಕೆ 1818ರಲ್ಲಿ ಮುಗಿದ ಮೇಲೆ ನಮ್ಮ ಸೀಮೆ ಬ್ರಿಟಿಷರಿಗೆ ಸೇರಿತು. ಮುಂದೆ ಇದು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯ ಪರಸಗಡ ತಾಲೂಕಾಯಿತು. ಸರ್ಕಾರಿ ವೈದ್ಯ ಎಂಬ ಪದ ನಮ್ಮ ಕಡೆಯ ಹಳ್ಳಿಗಳ ಕಿವಿಗೆ ಬಿದ್ದದ್ದು ಈ ಕಾಲದಲ್ಲಿ. ಆದರೆ ಆ ಸರ್ಕಾರಕ್ಕೆ ಹಳ್ಳಿಯ ಚಿಂತೆಗಿಂತ ಜಾತ್ರೆಯ ಚಿಂತೆ ಹೆಚ್ಚಾಗಿತ್ತು. ಅದಕ್ಕೆ ಕಾರಣ ಕಾಲರಾ. ಹತ್ತೊಂಬತ್ತನೇ ಶತಮಾನದಲ್ಲಿ ಕಾಲರಾ ಭಾರತದಿಂದ ಹೊರಟು ಯುರೋಪಿನ ದೊಡ್ಡ ಶಹರಗಳವರೆಗೂ ಹೋಗಿ ಬಂದಿತ್ತು. 1866ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹಲವು ದೇಶಗಳ ವೈದ್ಯರು, ರಾಯಭಾರಿಗಳು ಸಭೆ ಸೇರಿ, ಕಾಲರಾ ಹರಡಲು ಭಾರತದ ತೀರ್ಥಯಾತ್ರೆ, ಜಾತ್ರೆಗಳೇ ದೊಡ್ಡ ಕಾರಣ ಎಂದು ತೀರ್ಮಾನಿಸಿದರು. ಅಲ್ಲಿಂದ ಮುಂದೆ ದೊಡ್ಡ ಜಾತ್ರೆ ಎಂದರೆ ಸರ್ಕಾರದ ಕಣ್ಣು ಅಲ್ಲಿರುತ್ತಿತ್ತು. ಬಾವಿಗಳಿಗೆ ಕೆಂಪು ಔಷಧ ಹಾಕುವುದು, ಕುಡಿಯುವ ನೀರಿಗೆ ಕಾವಲು ಇಡುವುದು, ತಾತ್ಕಾಲಿಕ ಪಾಯಖಾನೆ ತೋಡಿಸುವುದು, ಮುಂದೆ ಕಾಲರಾ ಸೂಜಿ ಮಾಡುವುದು ಜಾತ್ರೆಯ ಬಂದೋಬಸ್ತಿನ ಭಾಗವಾದವು.

ಈ ಕ್ರಮಗಳು ಬಹಳ ಜೀವ ಉಳಿಸಿರಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಹುಣ್ಣಿಮೆಗೆಂದು ಬಂದ ಡೇರೆಗಳು ಹುಣ್ಣಿಮೆ ಮುಗಿದ ಮೇಲೆ ಹೋಗುತ್ತಿದ್ದವು. ಜಾತ್ರೆ ಮುಗಿದ ಮರುವಾರ ಊರಿನಲ್ಲಿ ಒಬ್ಬ ಹೆಣ್ಣುಮಗಳು ಬೇನೆ ತಿನ್ನುತ್ತಿದ್ದರೆ ಅವಳಿಗೆ ಸೂಲಗಿತ್ತಿ ಮಾತ್ರ ಗತಿ.

ಪ್ಲೇಗು 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಕಡೆ ಬಂತು. ಮುಂಬಯಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ 1897ರಲ್ಲಿ ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು ಮರುವರ್ಷವೇ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಕಿದರು. ಆ ಕಾಲಕ್ಕೆ ಅದು ದೊಡ್ಡ ಪ್ರಯೋಗ. ಹಳ್ಳಿಗಳಲ್ಲಿ ಮಾತ್ರ ಜನರಿಗೆ ಗೊತ್ತಿದ್ದ ಉಪಾಯ ಇನ್ನೊಂದು: ಇಲಿ ಬಿದ್ದವೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದು. ನಮ್ಮ ಅಜ್ಜಿಯ ತಾಯಿ ಹುಟ್ಟಿದ್ದು ಹೊಲದ ಗುಡಿಸಲಿನಲ್ಲಂತೆ. ಹುಟ್ಟಿದ ದಿನ ಕೇಳಿದರೆ ‘ಊರು ಬಿಟ್ಟ ವರ್ಸ’ ಎಂದಷ್ಟೇ ಮನೆಯಲ್ಲಿ ಹೇಳುತ್ತಿದ್ದರು. ಆಮೇಲೆ 1918ರ ಇನ್‌ಫ್ಲುಯೆಂಜಾ ಬಂತು. ಅದೊಂದೇ ಜ್ವರ ಭಾರತದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ತೆಗೆದುಕೊಂಡು ಹೋಯಿತು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಕಡಿಮೆ ಬಂತು. ಅದಕ್ಕೆ ಮುಂದೆಂದೂ ಹಾಗಾಗಿಲ್ಲ.

ಮಿರಜದ ಹೆಸರು ಮೇಲೆ ಬಂತು. ನಮ್ಮ ಭಾಗದ ಹಿರಿಯರಿಗೆ ಆ ಹೆಸರಿನ ತೂಕ ಗೊತ್ತು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯರು ಅಲ್ಲಿ ಆಸ್ಪತ್ರೆ ಕಟ್ಟಿದರು. ಹೊಟ್ಟೆಯ ಗಡ್ಡೆ, ಕಣ್ಣಿನ ಪೊರೆ, ಯಾರೂ ಹಿಡಿಯಲಾರದ ಬೇನೆ ಎಂದರೆ ಮುಂಬಯಿ ಕರ್ನಾಟಕದವರು ‘ಮಿರಜಕ್ಕ ಒಯ್ರಿ’ ಎನ್ನುತ್ತಿದ್ದರು. ಇನ್ನೊಂದು ದಿಕ್ಕಿಗೆ ಬೆಟಗೇರಿಯಲ್ಲಿ ಬಾಸೆಲ್ ಮಿಶನ್‌ನವರ ಆಸ್ಪತ್ರೆ ಇತ್ತು. ಜನರ ಬಾಯಲ್ಲಿ ಅದು ಇವತ್ತಿಗೂ ಜರ್ಮನ್ ದವಾಖಾನಿ. ಅಷ್ಟು ದೂರ ಹೋಗಲು ಚಕ್ಕಡಿ ಬೇಕು, ಮುಂದೆ ರೈಲು ಬೇಕು, ಜೊತೆಗೆ ಇಬ್ಬರು ಗಂಡಸರು ಬೇಕು, ಹೊಲದ ಕೆಲಸ ನಿಲ್ಲಬೇಕು. ಹೀಗಾಗಿ ಒಯ್ಯುವ ಹೊತ್ತಿಗೆ ಬೇನೆ ಮಿತಿ ಮೀರಿರುತ್ತಿತ್ತು. “ಆಗ ದವಾಖಾನಿ ಅಂದ್ರ ಸಾಯಾಕ ಹೋಗೋ ಜಾಗಾ ಅಂತಿದ್ರಪಾ” ಎಂದು ನಮ್ಮಜ್ಜಿ ಹೇಳುತ್ತಿದ್ದಳು. ತಡವಾಗಿ ಹೋದವರು ತಿರುಗಿ ಬರುತ್ತಿರಲಿಲ್ಲ. ಅವರು ತಿರುಗಿ ಬರಲಿಲ್ಲವೆಂದು ಮುಂದಿನವರು ಇನ್ನೂ ತಡ ಮಾಡುತ್ತಿದ್ದರು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಸರ್ ಜೋಸೆಫ್ ಭೋರ್ ಅವರ ಸಮಿತಿ ಒಂದು ದೊಡ್ಡ ವರದಿ ಕೊಟ್ಟಿತು. ಚಿಕಿತ್ಸೆಗೆ ದುಡ್ಡಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು ಅದರ ಮೂಲ ಮಾತು. ನಲವತ್ತು ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು ಎಂದು ಅದು ಲೆಕ್ಕ ಹಾಕಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ದೇಶದಲ್ಲಿ ಈ ಕೇಂದ್ರಗಳು ಒಂದೊಂದಾಗಿ ಹುಟ್ಟಿಕೊಂಡವು. 1956ರಲ್ಲಿ ನಾವು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವು. ಮರುವರ್ಷವೇ ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು, 1963ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು ತೆರೆದವು. ಅಲ್ಲಿಯವರೆಗೆ ನಮ್ಮ ಕಡೆಯ ಹುಡುಗ ಎಂ.ಬಿ.ಬಿ.ಎಸ್. ಓದಬೇಕೆಂದರೆ ಮುಂಬಯಿ, ಪುಣೆಯ ದಾರಿ ಹಿಡಿಯಬೇಕಾಗಿತ್ತು.

ನಂತರ ನಿಯಮ ಬದಲಾಗಿ ಬಯಲುಸೀಮೆಯಲ್ಲಿ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೊಂದು ಉಪಕೇಂದ್ರ ಎಂದಾಯಿತು. ಲೆಕ್ಕ ಓದುವುದು ನನ್ನ ಕೆಲಸವಾದ್ದರಿಂದ ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಲೆಕ್ಕದಲ್ಲಿ ಬರುವುದು ಜನಗಣತಿಯಲ್ಲಿ ಬರೆಸಿದ, ಊರಿನಲ್ಲೇ ವಾಸಿಸುವ ಜನ ಮಾತ್ರ. ಹುಣ್ಣಿಮೆಗೆ ಬರುವ ಲಕ್ಷ ಜನ ಯಾವ ಪಟ್ಟಿಯಲ್ಲೂ ಇಲ್ಲ. ಮಂಗಳವಾರ, ಶುಕ್ರವಾರ ಬರುವವರೂ ಇಲ್ಲ. ಅವರು ಕುಡಿಯುವ ನೀರು, ಬಿಟ್ಟುಹೋಗುವ ಕೊಳೆ, ತಂದುಹೋಗುವ ಜ್ವರ ಮಾತ್ರ ಇಲ್ಲಿಯವು. ಸಾಮಾನ್ಯ ಹಳ್ಳಿಗೆಂದು ಬರೆದ ನಿಯಮವನ್ನು ಗುಡ್ಡದ ಊರಿಗೆ ಹಾಗೆಯೇ ತೊಡಿಸಿದರೆ ಅಂಗಿ ಸಾಲುವುದಿಲ್ಲ. ಆ ಬಿಗಿ ಬರೀ ಯಾತ್ರಿಕರಿಗಲ್ಲ, ಊರಿನವರಿಗೂ ಆಗುತ್ತದೆ. ಜಾತ್ರೆಯ ದಿನಗಳಲ್ಲಿ ಸಿಬ್ಬಂದಿ ಗುಡ್ಡದ ಮೇಲಿದ್ದರೆ ಕೆಳಗಿನ ಬಾಣಂತಿಯನ್ನು ನೋಡುವವರಾರು?

ನಮ್ಮ ಸೀಮೆಯಲ್ಲಿ ನಿಜವಾಗಿ ಗೆದ್ದ ಕೆಲಸಗಳನ್ನು ನೋಡಿದರೆ ಅವೆಲ್ಲ ಕಟ್ಟಡದಿಂದ ಆದವಲ್ಲ. ಮನೆ ಬಾಗಿಲಿಗೆ ನಡೆದು ಬಂದವರಿಂದ ಆದವು. ಸಿಡುಬಿನ ಕಥೆಯೇ ಅದಕ್ಕೆ ಸಾಕ್ಷಿ. ಭಾರತದಲ್ಲಿ ಮೊದಲ ಸಿಡುಬಿನ ಲಸಿಕೆ ಬಿದ್ದದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ, ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಕೂಸಿಗೆ. ಮುಂದೆ ಬೆಳಗಾವಿಯಲ್ಲಿಯೇ ಲಸಿಕೆ ತಯಾರಿಸುವ ಸಂಸ್ಥೆ ಬಂತು. ಇವತ್ತು ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ವಸ್ತುಪ್ರದರ್ಶನ ನೋಡಲು ಹೋಗುವ ನಮ್ಮ ಹುಡುಗರಿಗೆ ಆ ಹೆಸರು ಯಾಕೆ ಬಂತೆಂದು ಗೊತ್ತಿರಲಿಕ್ಕಿಲ್ಲ. ಲಸಿಕೆ ಇಷ್ಟು ಹತ್ತಿರ ತಯಾರಾಗುತ್ತಿದ್ದರೂ ಬೇನೆ ಹೋಗಲು ಬಹಳ ಕಾಲ ಬೇಕಾಯಿತು. 1967ರ ನಂತರ ವಿಶ್ವ ಆರೋಗ್ಯ ಸಂಸ್ಥೆ ಬಿಗಿಯಾಗಿ ಹಿಡಿದ ಮೇಲೆ ಕೆಲಸದ ರೀತಿ ಬದಲಾಯಿತು. ಎಲ್ಲರಿಗೂ ಲಸಿಕೆ ಹಾಕುತ್ತ ಕೂಡ್ರುವುದರ ಜೊತೆಗೆ, ಬೇನೆ ಎದ್ದ ಮನೆ ಹುಡುಕಿ ಅದರ ಸುತ್ತಲಿನವರಿಗೆಲ್ಲ ತಕ್ಷಣ ಲಸಿಕೆ ಹಾಕಿದರು. ಆರೋಗ್ಯ ಸಿಬ್ಬಂದಿ ಸಂತೆ, ಜಾತ್ರೆ, ಶಾಲೆಗಳಿಗೆ ಹೋಗಿ ಸಿಡುಬಿನ ಕೂಸಿನ ಚಿತ್ರವಿದ್ದ ಕಾರ್ಡು ತೋರಿಸಿ, “ಇಂಥಾದ್ದು ನಿಮ್ಮ ಓಣ್ಯಾಗ ಐತೇನು?” ಎಂದು ಕೇಳುತ್ತಿದ್ದರು. ಊರಿನ ಸುದ್ದಿ ದೊಡ್ಡವರಿಗಿಂತ ಶಾಲೆಯ ಮಕ್ಕಳಿಗೇ ಹೆಚ್ಚು ಗೊತ್ತಿರುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಕೊನೆಕೊನೆಗೆ ಸಿಡುಬು ತೋರಿಸಿಕೊಟ್ಟವರಿಗೆ 1,000 ರೂಪಾಯಿ ಇನಾಮು ಇಟ್ಟಿದ್ದರು. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಸಿಡುಬಿನ ರೋಗಿ ಸಿಕ್ಕಿದ ಮೇಲೆ ಆ ಇನಾಮು ಪಡೆಯುವವರೇ ಇಲ್ಲವಾದರು.

ನಮ್ಮ ಶಾಲೆಯ ಮೊದಲ ಬ್ಯಾಚುಗಳ ಅಣ್ಣಂದಿರು, ಅಕ್ಕಂದಿರು ಒಮ್ಮೆ ತಮ್ಮ ತೋಳು ನೋಡಿಕೊಳ್ಳಬೇಕು. ದುಂಡಗಿನ, ತಗ್ಗಾದ ಆ ಗುರುತು ಮೈಲಿ ಲಸಿಕೆಯದು. ನಾವು, ಎಂಬತ್ತರ ದಶಕದ ನಂತರ ಹುಟ್ಟಿದವರು, ಅದಿಲ್ಲದೆ ಬೆಳೆದೆವು. ನಮ್ಮ ತೋಳಿನಲ್ಲಿರುವುದು ಕ್ಷಯದ ಬಿ.ಸಿ.ಜಿ. ಗುರುತು. ಶಾಲೆಯ ಹಾಜರಿ ಪುಸ್ತಕದಲ್ಲಿ ಕಾಣದ ಒಂದು ಗೆರೆ ಹೀಗೆ ನಮ್ಮ ತೋಳುಗಳ ಮೇಲೆ ಬಿದ್ದಿದೆ.

ನಾರುಹುಣ್ಣಿನ ಕಥೆಯೂ ಇಂಥದ್ದೇ. ಕಾಲಿನ ಹುಣ್ಣಿನಿಂದ ಮೊಳದುದ್ದದ ಬಿಳಿ ಹುಳ ಎಳೆ ಎಳೆಯಾಗಿ ಹೊರಬರುವ ಆ ಬೇನೆಯನ್ನು ಕಡ್ಡಿಗೆ ಸುತ್ತಿ ಸುತ್ತಿ ತೆಗೆಯುತ್ತಿದ್ದರು. ಮೆಟ್ಟಿಲು ಬಾವಿಗೆ ಇಳಿದು ಕಾಲು ಅದ್ದಿದವನ ಹುಣ್ಣಿನಿಂದ ಮರಿಗಳು ನೀರಿಗೆ ಬೀಳುತ್ತವೆ, ಅವುಗಳನ್ನು ನೀರಿನ ಸಣ್ಣ ಕೀಟ ನುಂಗುತ್ತದೆ, ಆ ನೀರು ಕುಡಿದವನ ಹೊಟ್ಟೆಗೆ ಅವು ಸೇರುತ್ತವೆ. ಇಷ್ಟು ತಿಳಿದ ಮೇಲೆ ಮದ್ದು ಬೇಕಾಗಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸುವುದು, ಇಳಿಯುವ ಬಾವಿಯನ್ನು ಸೇದುವ ಬಾವಿಯಾಗಿ ಮಾಡುವುದು, ಕೊಳವೆಬಾವಿ ತೋಡಿಸುವುದು ಸಾಕಾಯಿತು. ಈ ಬೇನೆ ಇದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1996ರಲ್ಲಿ ದೇಶದ ಕೊನೆಯ ರೋಗಿ ಕಂಡ ಮೇಲೆ 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಇವತ್ತು ಹೈಸ್ಕೂಲಿನ ಮಕ್ಕಳಿಗೆ ಆ ಶಬ್ದವೇ ಗೊತ್ತಿಲ್ಲ. ಇದಕ್ಕಿಂತ ದೊಡ್ಡ ಗೆಲುವು ಯಾವುದಿದೆ?

ಆದರೆ ಹೆರಿಗೆ ಎಂಬುದನ್ನು ಹೀಗೆ ಒಮ್ಮೆ ಗೆದ್ದು ಮುಗಿಸಲಾಗುವುದಿಲ್ಲ. ಅದು ದಿನವೂ, ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತದೆ. ನನ್ನ ತಂದೆಯ ಅಕ್ಕ ಎಪ್ಪತ್ತರ ದಶಕದಲ್ಲಿ ಎರಡನೇ ಹೆರಿಗೆಯಲ್ಲಿ ತೀರಿಕೊಂಡಳು. ಕೂಸು ಆರಾಮವಾಗಿ ಹುಟ್ಟಿತ್ತು. ಕಸ ಬಿದ್ದ ಮೇಲೆ ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದಳು. ‘ಕೆಟ್ಟ ರಕ್ತ ಹೋಗಲಿ ಬಿಡ್ರಿ’ ಎಂದು ಹಿರಿಯ ಹೆಂಗಸರು ಮೊದಲು ಸುಮ್ಮನಿದ್ದರು. ಆಮೇಲೆ ಗಂಡಸರನ್ನು ಎಬ್ಬಿಸಿದರು. ಅವರು ದುಡ್ಡು ಹೊಂದಿಸಿ, ಎತ್ತು ಹೂಡಿ, ಚಕ್ಕಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಹೊರಟರು. ಚಕ್ಕಡಿ ಅರ್ಧ ದಾರಿಯಿಂದ ತಿರುಗಿ ಬಂತು. ಉಳಿದ ಕೂಸು ನನ್ನ ಅಣ್ಣ. ಈಗ ಅವನಿಗೇ ಮೊಮ್ಮಕ್ಕಳಿದ್ದಾರೆ.

1994ರಲ್ಲಿ ಸೆರೀನ್ ಥಾಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು ಇಂಥ ಸಾವುಗಳಿಗೆ ಮೂರು ತಡಗಳು ಕಾರಣ ಎಂದು ಬರೆದರು. ಹೋಗಬೇಕೆಂದು ನಿರ್ಧರಿಸುವ ತಡ, ದಾರಿಯ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವ ತಡ. ಓದಿದಾಗ ನನಗೆ ನಮ್ಮ ಅತ್ತಿಯ ರಾತ್ರಿಯನ್ನೇ ಯಾರೋ ಭಾಗ ಮಾಡಿ ಬರೆದಂತೆ ಕಂಡಿತು. ಮೂರನೆಯ ತಡದವರೆಗೆ ಅವಳು ಹೋಗಲೇ ಇಲ್ಲ.

ಹೆರಿಗೆಯ ನಂತರ ಗರ್ಭಕೋಶ ಬಿಗಿದುಕೊಳ್ಳಬೇಕು, ಆಗ ರಕ್ತ ನಿಲ್ಲುತ್ತದೆ. ಬಿಗಿಯುವಂತೆ ಮಾಡುವ ಆಕ್ಸಿಟೋಸಿನ್ ಎಂಬ ಔಷಧ ಬಹಳ ಹಿಂದಿನಿಂದ ಇದೆ. ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಸೂಜಿಯಿಂದ ಕೊಡಬೇಕು. ಕರೆಂಟಿಲ್ಲದ ಊರಿನಲ್ಲಿ, ಫ್ರಿಜ್ಜಿಲ್ಲದ ಉಪಕೇಂದ್ರದಲ್ಲಿ, ಚಿಮಣಿ ಬೆಳಕಿನ ಹೆರಿಗೆಯಲ್ಲಿ ಅದು ಇದ್ದೂ ಇಲ್ಲದಂತೆ. ಈ ಗಂಟನ್ನು ಬಿಚ್ಚಿದ ಕೆಲಸಗಳಲ್ಲಿ ಬಹಳ ದೊಡ್ಡದು ನಡೆದದ್ದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ. ಇದು ನಮ್ಮ ಜಿಲ್ಲೆಯವರಿಗೇ ಅಷ್ಟಾಗಿ ಗೊತ್ತಿಲ್ಲ. ಅದಕ್ಕಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಒಂದು ಪ್ರಯೋಗ ಮಾಡಿದರು. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಗೆ ಫ್ರಿಜ್ ಬೇಡ, ಸೂಜಿ ಬೇಡ. ಅದನ್ನು ಹೆರಿಗೆಯಾದ ಕೂಡಲೇ ತಾಯಿಗೆ ನುಂಗಿಸಿದರೆ ರಕ್ತಸ್ರಾವ ಕಡಿಮೆಯಾಗುತ್ತದೆಯೇ ಎಂಬುದು ಪ್ರಶ್ನೆ. ಗುಳಿಗೆ ಕೊಟ್ಟವರು ಡಾಕ್ಟರುಗಳಲ್ಲ, ಮನೆಗಳಲ್ಲಿ ಮತ್ತು ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸುವ ಎ.ಎನ್.ಎಂ.ಗಳು. ನಮ್ಮೂರ ಭಾಷೆಯಲ್ಲಿ ನರ್ಸಬಾಯಿ. ಒಟ್ಟು 1,620 ತಾಯಂದಿರು ಇದರಲ್ಲಿದ್ದರು. ಅರ್ಧ ಜನಕ್ಕೆ ನಿಜವಾದ ಗುಳಿಗೆ, ಅರ್ಧ ಜನಕ್ಕೆ ಅದರಂತೆಯೇ ಕಾಣುವ, ಔಷಧವಿಲ್ಲದ ಗುಳಿಗೆ. ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12 ತಾಯಂದಿರಿಗೆ ಹೆಚ್ಚಿನ ರಕ್ತಸ್ರಾವವಾಗಿತ್ತು, ಔಷಧ ಪಡೆದವರಲ್ಲಿ 6.4. ಲೀಟರಿನಷ್ಟು ರಕ್ತ ಹೋಗುವ ತೀವ್ರ ಸ್ರಾವ 1.2ರಿಂದ 0.2ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಅರ್ಧ ಜನಕ್ಕೆ ಖಾಲಿ ಗುಳಿಗೆ ಕೊಟ್ಟದ್ದು ಸರಿಯೇ ಎಂದು ಓದುವಾಗ ನನಗೂ ಮನಸ್ಸು ಕಸಿವಿಸಿಯಾಯಿತು. ಆದರೆ ಆ ಹೊತ್ತಿನಲ್ಲಿ ಹಳ್ಳಿಯ ಹೆರಿಗೆಗೆ ಬೇರೆ ಔಷಧವೇ ಇರಲಿಲ್ಲ, ಎರಡೂ ಗುಂಪಿಗೆ ನರ್ಸಬಾಯಿಯ ಆರೈಕೆ ಇತ್ತು. ಈ ಮಾತನ್ನು ಒಪ್ಪಬಹುದು, ಒಪ್ಪದೆಯೂ ಇರಬಹುದು. ಆ 1,620 ತಾಯಂದಿರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ ಎಂಬುದು ಮಾತ್ರ ನೆನಪಿರಲಿ.

ಆ ಪ್ರಯೋಗದಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಣ್ಣ ವಸ್ತು. ಹೋದ ರಕ್ತ ಎಷ್ಟೆಂದು ಅಳೆಯುವುದು ಹೇಗೆ? ಸೀರೆ, ಚಾಪೆ, ನೆಲಕ್ಕೆ ಹರಿದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಯಾವಾಗಲೂ ಕಡಿಮೆ ಹೇಳುತ್ತೇವೆ. ಅದಕ್ಕಾಗಿ ಅವರು ತಾಯಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ಅದರ ತುದಿಗೆ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಇಷ್ಟೇ. ಹಾಳೆಯ ಅಳತೆಗೂ ಕಣ್ಣಂದಾಜಿಗೂ ಹೋಲಿಸಿದಾಗ ಕಣ್ಣು ಸುಮಾರು ಮೂರನೇ ಒಂದು ಭಾಗ ಕಡಿಮೆ ಹೇಳುತ್ತಿತ್ತು. ನಮ್ಮ ಅತ್ತಿಯ ಪಕ್ಕ ಕೂತಿದ್ದ ಹಿರಿಯರ ಕಣ್ಣೂ ಹಾಗೆಯೇ ಮೋಸ ಹೋಗಿತ್ತು. ಅಂಥದೇ ಗೆರೆಯ ಹಾಳೆಯನ್ನು ಮುಖ್ಯ ಸಾಧನವಾಗಿಟ್ಟುಕೊಂಡು ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಬೇಗ ಗುರುತಿಸಿ, ಎಲ್ಲ ಚಿಕಿತ್ಸೆಯನ್ನು ಒಟ್ಟಿಗೆ ಕೊಟ್ಟಿದ್ದರಿಂದ ತೀವ್ರ ಸ್ರಾವದ ಅಪಾಯ ಅರ್ಧಕ್ಕಿಂತ ಹೆಚ್ಚು ತಗ್ಗಿತ್ತು.

ಈ ನಡುವೆ ನಮ್ಮಲ್ಲಿ ಹೆರಿಗೆಯ ಜಾಗವೇ ಬದಲಾಯಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದು, ಊರಿನ ಸೊಸೆಯಂದಿರೇ ಆಶಾ ಕಾರ್ಯಕರ್ತೆಯರಾದರು. 2008ರ ನವೆಂಬರ್‌ನಲ್ಲಿ 108 ಆಂಬುಲೆನ್ಸ್ ಬಂತು. ಕರ್ನಾಟಕದಲ್ಲಿ 2005-06ರ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 65 ಹೆರಿಗೆ ಆಸ್ಪತ್ರೆಯಲ್ಲಾಗುತ್ತಿದ್ದವು, 2019-20ರ ಹೊತ್ತಿಗೆ 97. ಒಂದು ಲಕ್ಷ ಹೆರಿಗೆಗೆ ಸಾಯುತ್ತಿದ್ದ ತಾಯಂದಿರು 2004-06ರಲ್ಲಿ 213, 2018-20ರಲ್ಲಿ 69. ಹದಿನೈದು ವರ್ಷದಲ್ಲಿ ಮೂರನೇ ಒಂದು ಭಾಗಕ್ಕಿಳಿದದ್ದು ಸಣ್ಣ ಮಾತಲ್ಲ. ಹಾಗೆಂದು 69 ಸಣ್ಣ ಸಂಖ್ಯೆಯೂ ಅಲ್ಲ. ಅದರಲ್ಲಿ ಪ್ರತಿಯೊಂದೂ ಯಾರದೋ ಮನೆಗೆ ತಿರುಗಿ ಬಂದ ಚಕ್ಕಡಿ.

ಈಗಿನ ತೊಂದರೆಯ ರೂಪ ಬೇರೆ. ವಾಂತಿಭೇದಿಗೆ ಬದಲು ಸಕ್ಕರೆ ಕಾಯಿಲೆ, ಬಿ.ಪಿ. ಮನೆಮನೆಯಲ್ಲಿವೆ. ಇವು ಒಂದು ಸೂಜಿಗೆ ಹೋಗುವ ಬೇನೆಗಳಲ್ಲ, ಸಾಯುವವರೆಗೆ ತಿಂಗಳು ತಿಂಗಳು ಗುಳಿಗೆ ಬೇಕು. ನನ್ನ ತಂದೆಗೆ ಉಚಿತ ಗುಳಿಗೆ ಸಿಗುತ್ತದೆ, ಕೆಲವು ತಿಂಗಳು ‘ಸ್ಟಾಕ್ ಇಲ್ಲ, ಮುಂದಿನ ವಾರ ಬರ್ರಿ’ ಎನ್ನುತ್ತಾರೆ. ಮುಂದಿನ ವಾರ ಬಿತ್ತನೆ ಇರುತ್ತದೆ, ಅವರು ಹೋಗುವುದಿಲ್ಲ. ನಮ್ಮ ಉದ್ಯೋಗದಲ್ಲಿ ಒಂದು ಸರ್ವರ್ ಇದೆ ಎನ್ನುವುದಕ್ಕೂ, ಅದು ಕೇಳಿದಾಗಲೆಲ್ಲ ಉತ್ತರ ಕೊಡುತ್ತದೆ ಎನ್ನುವುದಕ್ಕೂ ವ್ಯತ್ಯಾಸ ಮಾಡುತ್ತೇವೆ. ಗಿರಾಕಿ ದುಡ್ಡು ಕೊಡುವುದು ಎರಡನೆಯದಕ್ಕೆ. ಸರ್ಕಾರದ ವರದಿಗಳಲ್ಲಿ ಮಾತ್ರ ಇನ್ನೂ ಕಟ್ಟಡಗಳನ್ನೇ ಎಣಿಸುತ್ತಾರೆ. ಬಾಗಿಲು ತೆರೆದಿದ್ದ ದಿನಗಳನ್ನು, ಗುಳಿಗೆ ಸಿಕ್ಕ ದಿನಗಳನ್ನು ಎಣಿಸಿದರೆ ಬೇರೆ ಚಿತ್ರ ಬರುತ್ತದೆ.

ದೊಡ್ಡ ಬೇನೆಗೆ ಯಶಸ್ವಿನಿ, ಆರೋಗ್ಯ ಕರ್ನಾಟಕದಂಥ ಯೋಜನೆಗಳಿಂದ ಹೊಲ ಮಾರುವುದು ಕೆಲವರಿಗಾದರೂ ತಪ್ಪಿದೆ. ಆದರೆ ಅನಿರೀಕ್ಷಿತವಾಗಿ ಉಪಕಾರವಾದದ್ದು ಆರೋಗ್ಯ ಇಲಾಖೆಯದಲ್ಲದ ಒಂದು ಯೋಜನೆಯಿಂದ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಗುಡ್ಡಕ್ಕೆ ಗದ್ದಲ ಹೆಚ್ಚಾಯಿತೆಂದು ಎಲ್ಲರೂ ಹೇಳುತ್ತೇವೆ. ಅದೇ ಬಸ್ಸಿನಲ್ಲಿ ನಮ್ಮವ್ವ ಈಗ ಮಂಡಿನೋವಿಗೆ ತಾನೊಬ್ಬಳೇ ತಾಲೂಕು ದವಾಖಾನಿಗೆ ಹೋಗಿ ಬರುತ್ತಾಳೆ. ಮೊದಲು ಮಗನೋ ಗಂಡನೋ ಬಸ್ಸಿನ ದುಡ್ಡು ಕೊಟ್ಟು ‘ಹೋಗಿ ಬಾ’ ಎನ್ನುವವರೆಗೆ ನೋವು ಸಹಿಸುತ್ತಿದ್ದಳು. ಮೂರು ತಡಗಳಲ್ಲಿ ಮೊದಲನೆಯದು ಅವಳ ಮಟ್ಟಿಗೆ ಹೀಗೆ ಮುಗಿಯಿತು.

ಕೊರೊನಾ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ ಮುಚ್ಚಿದ ಯಲ್ಲಮ್ಮನ ಗುಡಿ ತಿಂಗಳುಗಟ್ಟಲೆ ತೆರೆಯಲಿಲ್ಲ. ಹುಣ್ಣಿಮೆಗೆ ಗುಡ್ಡ ಖಾಲಿ ಇದ್ದದ್ದನ್ನು ನಮ್ಮ ಹಿರಿಯರೂ ಕಂಡಿರಲಿಲ್ಲ. ಆ ದಿನಗಳಲ್ಲಿ ಮನೆಮನೆ ತಿರುಗಿದವರು ಆಶಾ ಅಕ್ಕಂದಿರು. ಅದೇ ಜುಲೈ ತಿಂಗಳಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿರೆಂದು ಮುಷ್ಕರ ಹೂಡಿದರು. ಮೇಲಿಂದ ಹೂಮಳೆ ಸುರಿಸಿದ ವರ್ಷವೇ ಅವರು ಬೀದಿಗಿಳಿಯಬೇಕಾಯಿತು.

ಈ ಲೇಖನಕ್ಕಾಗಿ ನಮ್ಮ ಬ್ಯಾಚಿನ ಗೆಳತಿಯೊಬ್ಬಳಿಗೆ ಫೋನ್ ಮಾಡಿದ್ದೆ. ಹತ್ತನೇ ತರಗತಿಯಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದವಳು, ಈಗ ಬೇರೆ ತಾಲೂಕಿನ ಒಂದು ಉಪಕೇಂದ್ರದಲ್ಲಿ ನರ್ಸಬಾಯಿ. “ಗುಳಗಿ ಅದಾವು, ಗಾಡಿನೂ ಬರ್ತೈತಿ. ಖರೆ ನಾ ಒಂದಿನ ರಜಾ ಮ್ಯಾಲ ಹೋದ್ರ ನನ್ನ ಬದಲಿ ಯಾರೂ ಇರಂಗಿಲ್ಲ ನೋಡು. ಅವತ್ತ ಬ್ಯಾನಿ ಬಂದಾಕಿ ಏನ್ ಮಾಡ್ಬೇಕು?” ಎಂದಳು. ಹಳೆಯ ರಜಿಸ್ಟರುಗಳ ಬಗ್ಗೆ ಕೇಳಿದೆ. ಹಳೇವು ಗೆದ್ದಲು ತಿಂದಾವು, ಈಗೆಲ್ಲ ಮೊಬೈಲ್‌ನ್ಯಾಗ ತುಂಬತೇವಿ ಎಂದು ನಕ್ಕಳು.

ಗೆದ್ದಲು ತಿನ್ನದೆ ಉಳಿದದ್ದು ಊರಿನಲ್ಲಿ ಇನ್ನೂ ಇದೆ. ಮಲೇರಿಯಾದವರು ಗೋಡೆಯ ಮೇಲೆ ತಾರೀಖು ಬರೆದು ಹೋದದ್ದನ್ನು ಕಂಡವರಿದ್ದಾರೆ, ನಿವೃತ್ತ ನರ್ಸಬಾಯಿಯರಿದ್ದಾರೆ, ನೂರಾರು ಕೂಸುಗಳ ಹೊಕ್ಕುಳ ಕೊಯ್ದ ಸೂಲಗಿತ್ತಿಯರ ಸೊಸೆಯಂದಿರಿದ್ದಾರೆ. ಹಳೆಯ ತಾಯಿ ಕಾರ್ಡು, ಲಸಿಕೆಯ ಚೀಟಿ, ಮಿರಜದ ಔಷಧದ ಕಾಗದ ಕೆಲವರ ಟ್ರಂಕಿನ ತಳದಲ್ಲಿರಬಹುದು. ದೀಪಾವಳಿ ರಜೆಗೆ ನಾನು ಊರಿಗೆ ಬರುತ್ತೇನೆ. ಹೇಳುವ ಮನಸ್ಸಿರುವ ಹಿರಿಯರ ಮಾತನ್ನು ಅವರ ಮನೆಗೇ ಬಂದು ರೆಕಾರ್ಡ್ ಮಾಡಿ, ಕಾಗದಗಳ ಫೋಟೋ ತೆಗೆದು, ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡಬೇಕೆಂದಿದ್ದೇನೆ. ಕಾಗದ ಇದ್ದವರು ಅಲ್ಲಿಯವರೆಗೆ ಅವನ್ನು ಒಲೆಗೆ ಹಾಕದೆ ಇಟ್ಟುಕೊಂಡಿರಬೇಕು.